ಅಕಿ ನನ್ನ ಮ್ಯಾಲ ರಿಪೋರ್ಟ್ ಹಾಕ್ಯಾಳ, ಮುಂದೇನು?

(1/9)

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಮ್ಮ ನರ್ಸಿಂಗ್ ಗೆಳೆಯ-ಗೆಳತಿಯರು ಈ ನಾಲ್ಕು ತಾಲೂಕಿನ ಸರ್ಕಾರಿ ಆಸ್ಪತ್ರೆಗಳಲ್ಲಿ, ಪಿಎಚ್‌ಸಿಗಳಲ್ಲಿ, ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ಈಗ ಡ್ಯೂಟಿ ಮಾಡ್ತಿದ್ದಾರೆ. ಹಗಲು ಬರೋ ಮೆಸೇಜ್ ಎಲ್ಲಾ ಪಗಾರ, ಪರೀಕ್ಷೆ, ಜರ್ಮನಿ, ಗಲ್ಫ್ ಬಗ್ಗೆ. ರಾತ್ರಿ ಹನ್ನೊಂದರ ಮೇಲೆ ಬರೋ ಮೆಸೇಜ್ ಬ್ಯಾರೆ: "ಜೋಡಿ ಡ್ಯೂಟಿ ಮಾಡಾಕಿನ ನನ್ನ ಮ್ಯಾಲ ಇನ್‌ಚಾರ್ಜ್ ಸಿಸ್ಟರ್‌ಗೆ ಬರದು ಕೊಟ್ಟಾಳ. ಡೋಸ್ ತಪ್ಪಾಗೇತಿ ಅಂತ. ನಾಳಿ ಡ್ಯೂಟಿಗೆ ಹೆಂಗ ಹೋಗ್ಲಿ?"

ಇದರ ಬಗ್ಗೆ ಕಾಲೇಜಿನಲ್ಲಿ ನಮಗೆ ಯಾರೂ ಪಾಠ ಮಾಡಲಿಲ್ಲ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಡೋಸ್, ಸರಿಯಾದ ಮಾರ್ಗ, ಸರಿಯಾದ ಹೊತ್ತು, ಐದೂ ಬಾಯಿಪಾಠ. ಐದರಲ್ಲಿ ಒಂದು ತಪ್ಪಿ, ಅದನ್ನು ಪಕ್ಕದವರು ಬರೆದು ಕೊಟ್ಟರೆ ಏನು ಮಾಡಬೇಕು ಅನ್ನೋದು ಮಾತ್ರ ಸಿಲೆಬಸ್‌ನಾಗ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ರಿಪೋರ್ಟ್ ಹಾಕಿದಾಕಿ ನಿಮ್ಮ ವೈರಿ ಅಲ್ಲ. ಆದರೆ ರಿಪೋರ್ಟ್ ಬಂದ ಕೂಡಲೇ ಮೆಮೊ ಕೊಟ್ಟು ಕೈ ತೊಳಕೊಳ್ಳೋ ಆಸ್ಪತ್ರೆ ನಿಮ್ಮ ಗೆಳೆಯನೂ ಅಲ್ಲ. ಈ ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಕೊಂಡ್ರೆ ಮಾತ್ರ ಈ ಸಂಕಟದಿಂದ ದಾಟಬಹುದು. ಒಂಬತ್ತು ಪೋಸ್ಟ್ ಅದಾವ, ಸೇವ್ ಮಾಡಿ ಇಟ್ಕೊಳ್ರಿ.

(2/9)

ಮೊದಲು ನಮ್ಮ ಮಣ್ಣಿನ ಮಾತು. ನಾವು ಕಿತ್ತೂರು ನಾಡಿನ ಮಕ್ಕಳು. 1824ರ ಅಕ್ಟೋಬರ್‌ನಲ್ಲಿ ಥ್ಯಾಕರೆ ಬಿದ್ದ ಕಥೆ, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡ ಕಥೆ, ಸಂಗೊಳ್ಳಿ ರಾಯಣ್ಣನನ್ನು ಮೋಸದಿಂದ ಹಿಡಿದುಕೊಟ್ಟು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ ಕಥೆ, ಇವನ್ನು ಲಾವಣಿಯಲ್ಲಿ, ನಾಟಕದಲ್ಲಿ, ಕಿತ್ತೂರು ಉತ್ಸವದ ವೇದಿಕೆಯಲ್ಲಿ ಕೇಳಿ ಬೆಳೆದವರು. ಆ ಕಥೆಗಳಲ್ಲಿ ದೊಡ್ಡ ಪಾಪಿ ಯಾರು? ಬ್ರಿಟಿಷರಿಗಿಂತ ಮೊದಲು ನಮಗೆ ಸಿಟ್ಟು ಬರೋದು ಒಳಗಿದ್ದು ಸುದ್ದಿ ಕೊಟ್ಟವರ ಮೇಲೆ.

ಹಂಗಾಗಿ ಜೊತೆಗೆ ಡಬ್ಬಿ ಹಂಚಿಕೊಂಡು ಉಂಡಾಕಿ ನಮ್ಮ ತಪ್ಪನ್ನು ಬರೆದು ಕೊಟ್ಟಾಗ ನಮ್ಮ ತಲೆಗೆ ಬರೋ ಮೊದಲ ಶಬ್ದ "ದ್ರೋಹ". "ನನ್ನ ಜೋಡಿ ಉಂಡು ನನಗ ಎರಡು ಬಗದಳು" ಅನಿಸ್ತದೆ. ಆ ನೋವು ಖರೇ. ಅದನ್ನು ಯಾರೂ ಹಗುರ ಮಾಡಬಾರದು.

ಆದರೆ ಒಂದು ವ್ಯತ್ಯಾಸ ನೋಡ್ರಿ. ರಾಯಣ್ಣನ ಸುದ್ದಿ ಹೋದದ್ದು ಶತ್ರುವಿಗೆ, ರಾಯಣ್ಣನನ್ನು ಮುಗಿಸಲಿಕ್ಕೆ. ವಾರ್ಡಿನ ರಿಪೋರ್ಟ್ ಹೋಗೋದು, ಹೋಗಬೇಕಾದದ್ದು, ಬೆಡ್ ಮೇಲೆ ಮಲಗಿರೋ ಮೂರನೆಯವರ ಸಲುವಾಗಿ. ಆ ಮೂರನೆಯವರು ಮುರಗೋಡದ ಒಬ್ಬ ಅಜ್ಜಿ ಇರಬಹುದು, ಯರಗಟ್ಟಿಯ ಬಾಣಂತಿ ಇರಬಹುದು. ಅವರಿಗೆ ನಮ್ಮ ಗೆಳೆತನದ ಲೆಕ್ಕ ಗೊತ್ತಿಲ್ಲ. ಅವರಿಗೆ ಗೊತ್ತಿರೋದು ತಮ್ಮ ಕೈಗೆ ಹಾಕಿದ ಸೂಜಿ ಒಂದೇ. ಕೋಟೆಯ ಕಾನೂನನ್ನು ತಂದು ವಾರ್ಡಿಗೆ ಹಚ್ಚಬಾರದು.

(3/9)

ಈಗ ಒಂದು ನಿಜ ಘಟನೆ. 2025ರ ಜನವರಿ 14. ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನ ಆಡೂರು ಪ್ರಾಥಮಿಕ ಆರೋಗ್ಯ ಕೇಂದ್ರ. ಕೆನ್ನೆಗೆ ಗಾಯವಾಗಿದ್ದ ಏಳು ವರ್ಷದ ಹುಡುಗನಿಗೆ ಹೊಲಿಗೆ ಹಾಕುವ ಬದಲು ಅಲ್ಲಿನ ನರ್ಸ್ ಫೆವಿಕ್ವಿಕ್ ಹಚ್ಚಿದರು. ಪಾಲಕರು ವಿಡಿಯೋ ಮಾಡಿದರು, ದೂರು ಕೊಟ್ಟರು. ಮೊದಲು ಬೇರೆ ಕಡೆ ವರ್ಗಾವಣೆ ಆಯಿತು. ಜನ ಸಿಟ್ಟಿಗೆದ್ದ ಮೇಲೆ, ಫೆಬ್ರವರಿ ಮೊದಲ ವಾರದಲ್ಲಿ ಅಮಾನತು ಆಯಿತು. ಫೆವಿಕ್ವಿಕ್ ವೈದ್ಯಕೀಯ ಬಳಕೆಗೆ ಅನುಮತಿ ಇರೋ ವಸ್ತುವಲ್ಲ ಅಂತ ಆರೋಗ್ಯ ಇಲಾಖೆ ಸ್ಪಷ್ಟವಾಗಿ ಹೇಳಿತು. ನಮ್ಮ ಫೋನ್‌ಗಳಲ್ಲಿ ಅದು ಮೀಮ್ ಆಯಿತು. ನಾವೂ ನಕ್ಕು ಫಾರ್ವರ್ಡ್ ಮಾಡಿದವರೇ.

ಆದರೆ ಒಂದು ಮಾತನ್ನು ಬಹಳ ಮಂದಿ ಬಿಟ್ಟರು. ತಾವು ಹಲವು ವರ್ಷಗಳಿಂದ ಹೀಗೇ ಮಾಡುತ್ತಾ ಬಂದಿದ್ದಾಗಿ, ಹೊಲಿಗೆ ಹಾಕಿದರೆ ಮುಖದ ಮೇಲೆ ಕಲೆ ಉಳಿಯುತ್ತದೆ ಅಂತ ಹಾಗೆ ಮಾಡಿದ್ದಾಗಿ ಆ ನರ್ಸ್ ಹೇಳಿದ್ದು ಆಗ ವರದಿಯಾಗಿತ್ತು. ಅಂದ್ರೆ ಅವರ ತಲೆಯಲ್ಲಿ ಅದು ತಪ್ಪೇ ಆಗಿರಲಿಲ್ಲ. ಆ ಮಾತು ನಿಜವಾಗಿದ್ದರೆ ನನ್ನ ಪ್ರಶ್ನೆ ಇಷ್ಟೇ: ಅಷ್ಟು ವರ್ಷ ಪಕ್ಕದಲ್ಲಿ ನಿಂತವರು ಯಾರೂ ನೋಡಲಿಲ್ಲವೇ? ನೋಡಿದವರಲ್ಲಿ ಒಬ್ಬರಾದರೂ "ಸಿಸ್ಟರ್, ಇದು ಬ್ಯಾಡ್ರಿ" ಅಂದಿದ್ದರೆ, ಕೇಳದಿದ್ದಾಗ ವೈದ್ಯಾಧಿಕಾರಿಗೆ ಎರಡು ಸಾಲು ಬರೆದು ಕೊಟ್ಟಿದ್ದರೆ, ಆ ವಿಷಯ ಒಂದು ಕೋಣೆಯಲ್ಲಿ, ಒಂದು ತಾಸಿನಲ್ಲಿ ಮುಗಿಯುತ್ತಿತ್ತು. ಒಂದು ಬೈಗುಳ, ಒಂದು ತರಬೇತಿ, ಅಷ್ಟೇ.

ಯಾರೂ ಬರೆಯದಿದ್ದರೆ ಕೊನೆಗೆ ಮೊಬೈಲ್ ಕ್ಯಾಮೆರಾ ಬರೀತದ. ಅದು ಬರೆದಾಗ ಇಡೀ ದೇಶ ಓದತದ. ಸಹೋದ್ಯೋಗಿಯ ರಿಪೋರ್ಟ್ ಅಂದ್ರ ಸಣ್ಣ ಗಂಟಿ. ಅದು ಬಾರಿಸದಿದ್ರ ದೊಡ್ಡ ಗಂಟಿ ಬಾರಸ್ತೈತಿ.

(4/9)

"ಎಲ್ಲಾ ರಿಪೋರ್ಟೂ ಒಳ್ಳೆ ಮನಸ್ಸಿನಿಂದ ಬರ್ತಾವೇನು?" ಅಂತ ಕೇಳ್ತೀರಿ. ಇಲ್ಲ. ರಜೆ ಹಂಚೋದರಲ್ಲಿ ಜಗಳ, ಪರ್ಮನೆಂಟ್-ಕಾಂಟ್ರ್ಯಾಕ್ಟ್ ಭೇದ, ಜಾತಿ, ಮರಾಠಿ-ಕನ್ನಡ, "ಹೊಸ ಹುಡುಗಿಗೆ ಬುದ್ಧಿ ಕಲಸ್ತೀನಿ" ಅನ್ನೋ ಹಳೇ ಕಿಚ್ಚು, ಇವೆಲ್ಲಾ ರಿಪೋರ್ಟ್ ವೇಷ ಹಾಕ್ಕೊಂಡು ಬರೋದುಂಟು. ರಿಪೋರ್ಟಿಗೂ ಚಾಡಿಗೂ ಗೆರೆ ಎಲ್ಲಿದೆ?

ನಾನು ನೋಡೋದು ಮೂರು ಗುರುತು.

ಒಂದು, ಅದರಲ್ಲಿ ಏನು ಬರೆದಿದೆ? "ಬೆಡ್ ನಂಬರ್ 7, ರಾತ್ರಿ 2 ಗಂಟೆ, ಚಾರ್ಟಿನಲ್ಲಿ ಇದ್ದದ್ದು ಇಷ್ಟು, ಕೊಟ್ಟದ್ದು ಇಷ್ಟು" ಅಂತ ಇದ್ದರೆ ರಿಪೋರ್ಟ್. "ಈಕಿ ಯಾವಾಗ್ಲೂ ಹಿಂಗ, ಕೆಲಸದ ಮ್ಯಾಲ ಲಕ್ಷ್ಯನ ಇಲ್ಲ, ಬರೀ ಫೋನ್" ಅಂತ ಇದ್ದರೆ ಚಾಡಿ.

ಎರಡು, ಎಲ್ಲಿ ಹೋಯಿತು? ಇನ್‌ಚಾರ್ಜ್ ಸಿಸ್ಟರ್, ನರ್ಸಿಂಗ್ ಸೂಪರಿಂಟೆಂಡೆಂಟ್, ವೈದ್ಯಾಧಿಕಾರಿ, ಇವರಿಗೆ ಹೋದರೆ ರಿಪೋರ್ಟ್. ಸ್ಟಾಫ್ ವಾಟ್ಸಾಪ್ ಗುಂಪಿಗೆ, ಚಹಾದ ಅಂಗಡಿಗೆ, ರೋಗಿಯ ಸಂಬಂಧಿಕರ ಕಿವಿಗೆ ಹೋದರೆ ಚಾಡಿ.

ಮೂರು, ಯಾವಾಗ ಹೋಯಿತು? ಆ ಶಿಫ್ಟಿನಲ್ಲೇ, ಹೆಚ್ಚಂದ್ರೆ ಮರುದಿನ ಹೋದರೆ ರೋಗಿಗೆ ಉಪಯೋಗ. ಮೂರು ತಿಂಗಳು ಕಿಸೆಯಲ್ಲಿ ಇಟ್ಕೊಂಡು, ಜಗಳ ಆದ ದಿನ ಹೊರಗೆ ತೆಗೆದರೆ ಅದು ರೋಗಿಯ ಸಲುವಾಗಿ ಬರೆದದ್ದಲ್ಲ.

ಆದರೂ ಒಂದು ಕಹಿ ಮಾತು. ಕೆಟ್ಟ ಮನಸ್ಸಿನಿಂದ ಬಂದ ರಿಪೋರ್ಟ್‌ನಲ್ಲೂ ಸಂಗತಿ ಖರೇ ಇರಬಹುದು. ಅವಳ ಉದ್ದೇಶದ ಮೇಲೆ ನೀವು ನಾಲ್ಕು ದಿನ ವಾದ ಮಾಡಿದರೂ ಡೋಸ್ ಬದಲಾಗೋದಿಲ್ಲ. ಮೊದಲು ಸಂಗತಿಗೆ ಉತ್ತರ, ಆಮೇಲೆ ಉದ್ದೇಶದ ಬಗ್ಗೆ ದೂರು. ಎರಡನ್ನೂ ಒಂದೇ ಕಾಗದದಲ್ಲಿ ಕಲೆಸಿದರೆ ನಿಮ್ಮ ಖರೇ ಮಾತೂ ಜಗಳದಂತೆ ಕಾಣ್ತದೆ.

(5/9)

ಮೊದಲ 24 ತಾಸು. ಇದನ್ನು ಸ್ಕ್ರೀನ್‌ಶಾಟ್ ತಗೊಳ್ರಿ.

ರೋಗಿ ಮೊದಲು. ರಿಪೋರ್ಟ್ ಬಗ್ಗೆ ಗೊತ್ತಾದಾಗ ನೀವಿನ್ನೂ ಡ್ಯೂಟಿಯಲ್ಲಿದ್ದರೆ, ಮೊದಲು ಆ ರೋಗಿಯ ನಾಡಿ, ಬಿಪಿ, ಉಸಿರು ನೋಡಿ, ಡ್ಯೂಟಿ ಡಾಕ್ಟರಿಗೆ ತಿಳಿಸಿ. ನಿಮ್ಮ ಮಾನ ಎರಡು ತಾಸು ಕಾಯುತ್ತದೆ, ರೋಗಿ ಕಾಯೋದಿಲ್ಲ.

ಕೇಸ್ ಶೀಟ್ ಮುಟ್ಟಬ್ಯಾಡ್ರಿ. ಹಳೆಯ ನಮೂದಿನ ಮೇಲೆ ತಿದ್ದುವುದು, ವೈಟ್ನರ್ ಹಚ್ಚುವುದು, ಹಾಳೆ ಬದಲಿಸುವುದು, ಇವು ಒಂದು ತಪ್ಪನ್ನು ಅಪರಾಧ ಮಾಡ್ತಾವ. ಸೇರಿಸೋದಿದ್ದರೆ ಈಗಿನ ತಾರೀಖು, ಈಗಿನ ಹೊತ್ತು ಹಾಕಿ, ತಡವಾಗಿ ಬರೆದದ್ದು ಅಂತ ನಮೂದಿಸಿ, ಸಹಿ ಮಾಡಿ ಬರೆಯಿರಿ.

ನಿಮ್ಮ ಕಡೆಯ ಸಂಗತಿ ಅದೇ ದಿನ ಬರೆದಿಡಿ. ನೆನಪು ಹಾಲಿನಂತೆ, ಇಟ್ಟಷ್ಟು ಒಡೀತದ. ಅವತ್ತು ಎಷ್ಟು ರೋಗಿಗಳಿದ್ದರು, ಎಷ್ಟು ಸ್ಟಾಫ್, ಹ್ಯಾಂಡ್‌ಓವರ್ ಯಾರು ಕೊಟ್ಟರು, ಆರ್ಡರ್ ಬರಹದಲ್ಲಿತ್ತೋ ಫೋನಿನಲ್ಲಿತ್ತೋ, ಔಷಧದ ಹೆಸರು, ಬ್ಯಾಚ್ ನಂಬರ್. "ನನ್ನ ಪ್ರಕಾರ", "ಅನಿಸ್ತದೆ" ಬೇಡ. ಕಂಡದ್ದು, ಮಾಡಿದ್ದು, ಹೊತ್ತು. ರೋಗಿಯ ಹೆಸರು ಮಾತ್ರ ನಿಮ್ಮ ಸ್ವಂತ ಟಿಪ್ಪಣಿಯಲ್ಲಿ ಬೇಡ, ಚಾರ್ಟಿನ ಫೋಟೋ ಫೋನಿನಲ್ಲಿ ಇಟ್ಕೊಳ್ಳೋದೂ ಬೇಡ.

ರಿಪೋರ್ಟಿನಲ್ಲಿ ಏನಿದೆ ಅಂತ ಕೇಳಿ. "ಅಕಿ ಏನೋ ಬರದಾಳಂತ" ಅನ್ನೋ ಗಾಳಿಮಾತಿಗೆ ಉತ್ತರ ಕೊಡಬೇಡಿ. "ಮೇಡಂ, ಏನು ಬರೆದಿದ್ದಾರೆ ಅಂತ ನನಗೆ ತಿಳಿಸ್ರಿ, ನಾನು ಬರಹದಲ್ಲಿ ಉತ್ತರ ಕೊಡ್ತೀನಿ" ಅಂತ ಮರ್ಯಾದೆಯಿಂದ ಕೇಳಿ.

ಸ್ಟೇಟಸ್ ಹಾಕಬೇಡಿ. "ಬೆನ್ನಿಗೆ ಚೂರಿ ಹಾಕೋರು" ಅಂತ ಹಾಕಿದ ಸ್ಟೇಟಸ್ ನಾಳೆ ವಿಚಾರಣೆಯ ಟೇಬಲ್ ಮೇಲೆ ಇರ್ತದ. ನನಗೂ ಫೋಟೋ ಹಾಕೋ ಚಟ ಐತಿ, ಆದ್ರ ಇದರಾಗ ಬ್ಯಾಡ.

(6/9)

ಸ್ವಲ್ಪ ಕಾನೂನು. ಬೇಜಾರಿನ ವಿಷಯ, ಆದರೆ ಭಯ ಅರ್ಧ ಕಡಿಮೆ ಆಗೋದು ಇಲ್ಲೇ.

ಸರ್ಕಾರಿ ಕಾಯಂ ನೌಕರಿ ಇದ್ದರೆ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957 ಅನ್ವಯಿಸುತ್ತವೆ. ಮೆಮೊ ಅಥವಾ ಕಾರಣ ಕೇಳಿದ ನೋಟಿಸ್ ಶಿಕ್ಷೆ ಅಲ್ಲ, ಅದು ಪ್ರಶ್ನೆ. ಉತ್ತರ ಕೊಡುವ ಅವಕಾಶ ನಿಮ್ಮ ಹಕ್ಕು. ವಜಾದಂಥ ದೊಡ್ಡ ಶಿಕ್ಷೆಗೆ ಆರೋಪ ಪಟ್ಟಿ ಬೇಕು, ವಿಚಾರಣೆ ಬೇಕು, ಸಂವಿಧಾನದ 311ನೇ ವಿಧಿಯೂ ಅದನ್ನೇ ಹೇಳುತ್ತದೆ. ಅಮಾನತು ಕೂಡ ಶಿಕ್ಷೆಯಲ್ಲ, ವಿಚಾರಣೆ ಮುಗಿಯುವವರೆಗಿನ ಕ್ರಮ.

ಆದರೆ ನಮ್ಮಲ್ಲಿ ಬಹಳ ಮಂದಿ ಎನ್‌ಎಚ್‌ಎಂ ಗುತ್ತಿಗೆ, ಹೊರಗುತ್ತಿಗೆ, ಇಲ್ಲಾ ಖಾಸಗಿ. ನಮಗೆ ಈ ಕೊಡೆ ಇಲ್ಲ. ಖಾಸಗಿಯಲ್ಲಿ ಬಾಯಿಮಾತಿನಲ್ಲೇ "ನಾಳಿಯಿಂದ ಬರಬ್ಯಾಡ" ಅಂತಾರ. ನೇಮಕಾತಿ ಪತ್ರ ಇಲ್ಲದೇ ಕೆಲಸಕ್ಕೆ ಸೇರಬ್ಯಾಡ್ರಿ ಅಂತ ನಾನು ಪದೇ ಪದೇ ಹೇಳೋದು ಇದಕ್ಕೇ.

ಪೊಲೀಸ್ ಭಯ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವೈದ್ಯರನ್ನು ಕ್ರಿಮಿನಲ್ ಕೇಸಿಗೆ ಎಳೆಯಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು, ತನಿಖಾಧಿಕಾರಿ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಅಂತ ಹೇಳಿತು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1) ಓದಿ ನೋಡ್ರಿ. ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು. ನೋಂದಾಯಿತ ವೈದ್ಯರು ಚಿಕಿತ್ಸೆ ಕೊಡುವಾಗ ಹಾಗಾದರೆ ಎರಡು ವರ್ಷದವರೆಗೆ. ಆ "ನೋಂದಾಯಿತ ವೈದ್ಯರು" ಅನ್ನೋ ಅರ್ಥವಿವರಣೆಯಲ್ಲಿ ವೈದ್ಯಕೀಯ ಪದವಿ ಪಡೆದು ವೈದ್ಯರ ರಿಜಿಸ್ಟರಿನಲ್ಲಿ ಇರುವವರು ಮಾತ್ರ. ನಾವಿಲ್ಲ. ಅದೇ ಬೆಡ್, ಅದೇ ರೋಗಿ, ಅದೇ ರಾತ್ರಿ, ಆರ್ಡರ್ ಬರೆದವರಿಗೆ ಎರಡು, ಸೂಜಿ ಹಿಡಿದವರಿಗೆ ಐದು. ಇದು ಅನ್ಯಾಯ. ನಮ್ಮ ಸಂಘಟನೆಗಳು ಪಗಾರದಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು. ಸಂಘದ ಮೆಂಬರ್ ಆಗೋದು ಸಂಕಟ ಬಂದ ಮೇಲೆ ಅಲ್ಲ, ಈಗ.

(7/9)

ಶಿಕ್ಷೆಯ ಭಯ ಹೆಚ್ಚಾದರೆ ತಪ್ಪು ಕಡಿಮೆ ಆಗ್ತಾವೇನು? ದೂರದ ಒಂದು ಉದಾಹರಣೆ. ಅಮೆರಿಕದ ನ್ಯಾಶ್‌ವಿಲ್, ವಾಂಡರ್‌ಬಿಲ್ಟ್ ಆಸ್ಪತ್ರೆ, 2017ರ ಡಿಸೆಂಬರ್. ರಡೊಂಡಾ ವಾಟ್ ಎಂಬ ನರ್ಸ್ ಶಾಂತಗೊಳಿಸುವ ಔಷಧದ ಬದಲು ಮಾಂಸಖಂಡಗಳನ್ನೇ ನಿಷ್ಕ್ರಿಯ ಮಾಡುವ ವೆಕುರೋನಿಯಂ ಕೊಟ್ಟರು. ಎರಡೂ "ವಿಇ"ಯಿಂದ ಶುರುವಾಗುವ ಹೆಸರು. 75 ವರ್ಷದ ರೋಗಿ ತೀರಿಕೊಂಡರು. ವಾಟ್ ತಾವೇ ಒಪ್ಪಿಕೊಂಡರು. ಆದರೆ ಆಸ್ಪತ್ರೆ ಹೊರಗಿನ ಅಧಿಕಾರಿಗಳಿಗೆ ನಡೆದದ್ದನ್ನು ಸರಿಯಾಗಿ ತಿಳಿಸಿರಲಿಲ್ಲ. ಮರುವರ್ಷ ಹೆಸರಿಲ್ಲದ ಒಂದು ದೂರಿನಿಂದ ವಿಷಯ ಹೊರಬಂತು. 2022ರ ಮಾರ್ಚ್‌ನಲ್ಲಿ ಕೋರ್ಟ್ ನರ್ಸನ್ನು ಅಪರಾಧಿ ಅಂದಿತು, ಮೇನಲ್ಲಿ ಮೂರು ವರ್ಷದ ಪ್ರೊಬೇಷನ್ ಕೊಟ್ಟಿತು. ಅಲ್ಲಿನ ನರ್ಸ್‌ಗಳು ಬೀದಿಗಿಳಿದು ಕೇಳಿದ್ದು ಒಂದೇ: ಹೇಳಿದವರನ್ನೇ ಕಟಕಟೆಗೆ ತಂದರೆ ನಾಳೆ ಯಾರು ಹೇಳ್ತಾರ?

ನಮ್ಮ ಬಳ್ಳಾರಿ ನೋಡ್ರಿ. 2024ರ ನವೆಂಬರ್‌ನಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು, ಒಟ್ಟು ಐದು ಮಂದಿ ತೀರಿಕೊಂಡರು. ಸರ್ಕಾರದ ಶಂಕೆ ಹೋದದ್ದು ಪೂರೈಕೆಯಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯ ಔಷಧ ನಿಯಂತ್ರಕರನ್ನೇ ಅಮಾನತು ಮಾಡಿದರು. ಒಂದು ವೇಳೆ ಮೊದಲ ದಿನವೇ "ಡ್ಯೂಟಿ ನರ್ಸ್ ತಪ್ಪು" ಅಂತ ಫೈಲ್ ಮುಚ್ಚಿದ್ದರೆ ಬಾಟಲಿ ಕಡೆ ಯಾರು ನೋಡುತ್ತಿದ್ದರು? "ಯಾರು?" ಅಂತ ಕೇಳಿದರೆ ಒಂದು ಹೆಸರು ಸಿಗ್ತದೆ. "ಹೆಂಗಾತು?" ಅಂತ ಕೇಳಿದರೆ ಕಾರಣ ಸಿಗ್ತದೆ.

ಭಾರತ ಹುಣ್ಣಿಮೆ ಜಾತ್ರೆ ಹೊತ್ತಿನಲ್ಲಿ ಸವದತ್ತಿಯಂಥ ಊರಿನಲ್ಲಿ ಒಬ್ಬ ಸಿಸ್ಟರ್ ಎಷ್ಟು ಜನರನ್ನು ನೋಡಬೇಕಾಗ್ತದೆ ಯೋಚನೆ ಮಾಡ್ರಿ. ಒಂದೇ ನಮೂನಿ ಕಾಣೋ ಎರಡು ಆಂಪೂಲ್ ಒಂದೇ ಟ್ರೇಯಲ್ಲಿ ಇದ್ದದ್ದು, ಡಬಲ್ ಡ್ಯೂಟಿ, ಓದಲಾಗದ ಕೈಬರಹ, ಇವೂ ತಪ್ಪಿನ ಪಾಲುದಾರರು. ರಿಪೋರ್ಟಿಗೆ ಉತ್ತರ ಬರೆಯುವಾಗ ಇವನ್ನೂ ಬರೆಯಿರಿ. ಅದು ನೆಪ ಹೇಳೋದಲ್ಲ. ಮುಂದಿನವರು ಅದೇ ಗುಂಡಿಗೆ ಬೀಳಬಾರದು ಅಂತ ಕಲ್ಲು ಇಡೋದು.

(8/9)

ಈಗ ಮನಸ್ಸಿನ ಮಾತು. ವೈದ್ಯ ಆಲ್ಬರ್ಟ್ ವೂ 2000ರಲ್ಲಿ ಒಂದು ಶಬ್ದ ತಂದರು, ಎರಡನೇ ಸಂತ್ರಸ್ತ. ತಪ್ಪಿನಿಂದ ನರಳುವ ಮೊದಲನೆಯವರು ರೋಗಿ, ಎರಡನೆಯವರು ತಪ್ಪು ಮಾಡಿದ ಸಿಬ್ಬಂದಿ. ಆ ಶಬ್ದ ಬೇಡ ಅಂತ 2019ರಲ್ಲಿ ರೋಗಿಗಳ ಕುಟುಂಬದವರು ಬರೆದರು: ನಮ್ಮ ಮನೆಯವರು ಸತ್ತಾಗ ನೀವು ಹೆಂಗ ಸಂತ್ರಸ್ತರಾಗ್ತೀರಿ? ಅವರ ಮಾತಿನಲ್ಲೂ ತೂಕವಿದೆ. ಶಬ್ದ ಯಾವುದೇ ಇರಲಿ, ನೋವು ಇರೋದು ಖರೇ.

ಅಮೆರಿಕದ ಮಿಸ್ಸೌರಿಯ ನರ್ಸ್-ಸಂಶೋಧಕಿ ಸೂಸನ್ ಸ್ಕಾಟ್ ಮತ್ತು ಜೊತೆಗಾರರು 2009ರಲ್ಲಿ ಈ ನೋವಿನ ಆರು ಹಂತ ಗುರುತಿಸಿದರು. ಮೊದಲು ಗದ್ದಲ. ಆಮೇಲೆ ಅದೇ ದೃಶ್ಯ ಮತ್ತೆ ಮತ್ತೆ ತಲೆಯಲ್ಲಿ ತಿರುಗೋದು. "ಎಲ್ಲರೂ ನನ್ನ ಬಗ್ಗೆ ಏನು ಅಂದ್ಕೋತಾರ" ಅನ್ನೋ ಚಿಂತೆ. ವಿಚಾರಣೆ ತಾಳಿಕೊಳ್ಳೋದು. ಆಸರೆ ಹುಡುಕೋದು. ಕೊನೆಗೆ ಮೂರು ದಾರಿ: ಕೆಲಸ ಬಿಡೋದು, ಹೆಂಗೋ ದಿನ ತಳ್ಳೋದು, ಇಲ್ಲಾ ಕಲಿತು ಬೆಳೆಯೋದು. ನಿದ್ದೆ ಬರದೇ ಇರೋದು, ಸಿರಿಂಜ್ ಹಿಡಿದಾಗ ಕೈ ನಡುಗೋದು, ಇದು ನಿಮಗೊಬ್ಬರಿಗೇ ಆಗೋದಲ್ಲ ಅಂತ ಹೇಳಲಿಕ್ಕೆ ಇಷ್ಟು ಬರೆದೆ.

ಒಬ್ಬರಿಗೆ ಹೇಳಿ. ಹತ್ತು ಜನರಿಗಲ್ಲ, ಒಬ್ಬರಿಗೆ. ಅವ್ವನಿಗೆ ಹೇಳಿದರೆ ಗಾಬರಿ ಆಗ್ತಾಳ ಅಂತ ಮುಚ್ಚಿಡ್ತೀರಿ, ಆದರೆ ಊಟ ಬಿಟ್ಟದ್ದು ಅವ್ವನಿಗೆ ಮೊದಲೇ ಗೊತ್ತಾಗಿರ್ತದ. ಬದುಕೋದೇ ಬೇಡ ಅನ್ನೋ ಯೋಚನೆ ಒಮ್ಮೆ ಬಂದರೂ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ರಿ. ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ನಾವು ರೋಗಿಗಳಿಗೆ ಕೊಡೋ ನಂಬರ್ ನಮಗೂ ಐತಿ.

ಮತ್ತೆ ಆಕೆಯ ಎದುರು ನಿಲ್ಲೋದು ಹೆಂಗ? ಮರುದಿನ ಹ್ಯಾಂಡ್‌ಓವರ್ ಅವಳೇ ಕೊಡಬೇಕು, ನೀವೇ ತಗೊಬೇಕು. ಮಾತು ಬಿಟ್ಟರೆ ಅರ್ಧ ಹ್ಯಾಂಡ್‌ಓವರ್ ಆಗ್ತದ, ಅರ್ಧ ಹ್ಯಾಂಡ್‌ಓವರ್‌ನಿಂದ ಇನ್ನೊಂದು ತಪ್ಪು ಹುಟ್ತದ. ಗೆಳೆತನ ಬೇಕಂತಿಲ್ಲ, ಪ್ರೀತಿ ಬೇಕಂತಿಲ್ಲ. "ನೀ ಬರೆದದ್ದು ನನಗೆ ನೋವಾತು. ಅದರ ಉತ್ತರ ಮ್ಯಾಡಂಗೆ ಕೊಟ್ಟೀನಿ. ಈಗ ಬೆಡ್ ಒಂದರಿಂದ ಹೇಳು" ಅಂದರೆ ಸಾಕು.

(9/9)

ಕೊನೆಯದು, ರಿಪೋರ್ಟ್ ಬರೆಯೋ ಕೈಗಳಿಗೆ. ಯಾಕಂದ್ರೆ ಇವತ್ತು ಓದುತ್ತಿರೋ ನೀವೇ ನಾಳೆ ಬರೆಯುವವರು.

ಬರೆಯಿರಿ. ಮುಚ್ಚಿಡೋದು ಗೆಳೆತನ ಅಲ್ಲ. ಆದರೆ ಬರೆಯೋಕೆ ಮೊದಲು, ಆ ರೋಗಿಗೆ ತಡವಾಗದ ಹಾಗೆ, ಅವಳಿಗೆ ಮುಖಕ್ಕೆ ಹೇಳಿ: "ಅಕ್ಕಾ, ಇದು ಹಿಂಗಾಗೇತಿ, ನಾನು ಬರೀಬೇಕಾಗ್ತೈತಿ, ನೀನೂ ನಿಂದು ಬರಿ." ಈ ಒಂದು ವಾಕ್ಯ ಎಷ್ಟೋ ದ್ವೇಷ ಉಳಿಸ್ತದ. ಬೆನ್ನ ಹಿಂದೆ ಬಂದ ಖರೇ ಮಾತೂ ಚಾಡಿಯಂತೆ ಕೇಳಸ್ತೈತಿ, ಎದುರಿಗೆ ಆಡಿದ ಕಠಿಣ ಮಾತು ತಡೆದುಕೊಳ್ಳಬಹುದು.

ಹಿರಿಯ ಸಿಸ್ಟರ್‌ಗಳಿಗೆ, ಮೆಟ್ರನ್ ಮೇಡಂಗಳಿಗೆ ಒಂದು ವಿನಂತಿ. ತಾಯಿ ಮರಣದ ಪರಾಮರ್ಶೆ ಮಾಡುವಾಗ ನಮ್ಮ ಸರ್ಕಾರದ್ದೇ ಮಾರ್ಗಸೂಚಿ, ಹೆಸರು ಬೇಡ, ದೂಷಣೆ ಬೇಡ, ಕಾರಣ ಹುಡುಕಿ ಅನ್ನುತ್ತದೆ. ಅಷ್ಟು ದೊಡ್ಡ ದುಃಖಕ್ಕೆ ಆ ನಿಯಮ ಆಗುವುದಾದರೆ, ಒಂದು ಡೋಸ್ ತಪ್ಪಿಗೆ ಯಾಕೆ ಆಗಬಾರದು? ಎಲ್ಲರ ಎದುರು ನಿಲ್ಲಿಸಿ ಬೈದರೆ ಆ ಹುಡುಗಿ ಕಲಿಯೋದು ಒಂದೇ ಪಾಠ: ಮುಂದಿನ ಸಲ ಗೊತ್ತಾಗದ ಹಂಗ ನೋಡ್ಕೋಬೇಕು. ಬೇಕಂತಲೇ ಮಾಡಿದವರಿಗೆ, ಕುಡಿದು ಬಂದವರಿಗೆ, ಸುಳ್ಳು ಬರೆದವರಿಗೆ ಶಿಕ್ಷೆ ಇರಲಿ. ದಣಿದು ಎಡವಿದವರಿಗೆ ಕೈ ಕೊಡಿ.

ಗೆಳೆಯ-ಗೆಳತಿಯರಿಗೆ ಒಂದು ಕೆಲಸ. ನಿಮ್ಮ ವಾರ್ಡಿನಲ್ಲಿ ತಪ್ಪಾದರೆ ಬರೆಯುವ ಫಾರಂ ಅಥವಾ ರಿಜಿಸ್ಟರ್ ಇದೆಯಾ, ನಾಳೆ ಡ್ಯೂಟಿಗೆ ಹೋದಾಗ ಕೇಳಿ. ಇದ್ದರೆ ಅದರಲ್ಲಿ ಕೊನೆಯ ನಮೂದು ಯಾವ ತಾರೀಖಿನದು ಅಂತ ನೋಡಿ. ಇಲ್ಲದಿದ್ದರೆ ಒಂದು ನೋಟ್‌ಬುಕ್ಕಿಗೆ ಗೆರೆ ಹೊಡೆದು ಇನ್‌ಚಾರ್ಜ್ ಸಿಸ್ಟರ್ ಮುಂದೆ ಇಡಿ. ಖಾಲಿ ರಿಜಿಸ್ಟರ್ ಅಂದ್ರೆ ತಪ್ಪೇ ಆಗಿಲ್ಲ ಅಂತ ಅರ್ಥ ಅಲ್ಲ, ಹೇಳೋ ಧೈರ್ಯ ಯಾರಿಗೂ ಇಲ್ಲ ಅಂತ ಅರ್ಥ.

ಏನು ಉತ್ತರ ಸಿಕ್ಕಿತು ಅಂತ ಕಾಮೆಂಟ್‌ನಾಗ ಬರೀರಿ. ಆಸ್ಪತ್ರೆ ಹೆಸರು ಬ್ಯಾಡ, ರೋಗಿ ಹೆಸರು ಬ್ಯಾಡ, ಊರು ಸಾಕು.

#ನರ್ಸಿಂಗ್_ಬದುಕು #ರೋಗಿ_ಸುರಕ್ಷತೆ #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ